ಹಾಟ್ ರಾಡ್ ಮಾಡಿದ ಜೀಪಿಗೆ ಏರ್ ಫಿಲ್ಟರ್ ಬೇಕೇ, ಬೇಡವೇ?

ಪ್ರಶ್ನೆ: ನನ್ನದು ಶಿರಸಿ. ಅಜ್ಜನ ಕಾಲದ ಮಹೀಂದ್ರ ಸಿಜೆ-3ಬಿ ಪೆಟ್ರೋಲ್ ಜೀಪ್ ಇದೆ. ಹೋದ ವರ್ಷ ಅದರ ಸಿಲಿಂಡರ್ ಕೊರೆಸಿ ರಿಬೋರ್ ಮಾಡಿಸಿದೆ. ಅಮೆರಿಕದ ಹಾಟ್ ರಾಡ್ ಗಾಡಿಗಳ (ವೇಗಕ್ಕಾಗಿ ಮಾರ್ಪಡಿಸಿದ ಹಳೇ ಕಾರುಗಳ) ಚಿತ್ರ ನೋಡಿ ಆಸೆಯಾಗಿ ಬಾನೆಟ್‌ಗೆ ತೂತು ಕೊರೆಸಿದೆ. ಗಾಳಿ, ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಮೇಲಿದ್ದ ಸಣ್ಣ ಫಿಲ್ಟರ್ ತೆಗೆದು, ಲೇತ್‌ನಲ್ಲಿ ಕಡೆಸಿದ ಅಲ್ಯೂಮಿನಿಯಂ ತುತ್ತೂರಿ (ಗಾಳಿ ಒಳಗೆಳೆಯುವ ಅಗಲ ಬಾಯಿಯ ಕೊಳವೆ) ಕೂರಿಸಿದ್ದೇನೆ. ಅದರ ಬಾಯಿ ಬಾನೆಟ್‌ನಿಂದ ಹೊರಗೆ ಬಂದಿದೆ. ಕುಮಟಾ ದಾರಿಯ ದೇವಿಮನೆ ಘಟ್ಟ ಹತ್ತುವಾಗ ಎಳೆತ ಜಾಸ್ತಿಯಾಗಿದೆ. ಹೀಗೆ 800 ಕಿ.ಮೀ. ಓಡಿಸಿದೆ. ಅಪ್ಪ ಫಿಲ್ಟರ್ ಹಾಕು ಅಂತಾರೆ. ಕಾರವಾರದಲ್ಲಿ ದೋಣಿ ಇರುವ ಗೆಳೆಯ, ‘ನಮ್ಮ ಔಟ್‌ಬೋರ್ಡ್ ಮಷಿನ್‌ಗೆ ಫಿಲ್ಟರೇ ಇಲ್ಲ, ವರ್ಷಗಟ್ಟಲೆ ಓಡ್ತದೆ’ ಅಂತಾನೆ. ಸುಮ್ನೆ ಒಂದು ಜಾಲರಿ ಹಾಕಿದರೆ ಸಾಕಾ? ಧೂಳಿಲ್ಲದ ಮಳೆಗಾಲದಲ್ಲಾದರೂ ಹೀಗೇ ಓಡಿಸಬಹುದಾ?

ಉತ್ತರ: ಫಿಲ್ಟರ್ ಹಾಕಿ. ಆದರೆ ತುತ್ತೂರಿ ಬಿಸಾಡಬೇಡಿ, ಬಾನೆಟ್ ತೂತನ್ನೂ ಮುಚ್ಚಬೇಡಿ. ಯಾಕೆ ಅಂತ ಹೇಳುತ್ತೇನೆ.

ನಾನು ಕುಮಟಾದಲ್ಲಿ ಎಂಜಿನ್ ಬೋರಿಂಗ್ ಕೆಲಸ ಮಾಡುವವನು. ಎಳೆತ ಜಾಸ್ತಿಯಾಗಿದೆ ಅಂದಿರಲ್ಲ, ಅದು ನಿಮ್ಮ ಭ್ರಮೆ ಅಂತ ನಾನು ಹೇಳುವುದಿಲ್ಲ. ದೇವಿಮನೆಯ ತಿರುವುಗಳಲ್ಲಿ ಎರಡನೇ ಗೇರ್‌ನಲ್ಲಿ ಎಂಜಿನ್ ಎಷ್ಟು ಒದ್ದಾಡುತ್ತದೆ ಅನ್ನುವುದು ಆ ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಕಾಲಿನಲ್ಲೇ ಗೊತ್ತಾಗುತ್ತದೆ. ವ್ಯತ್ಯಾಸ ನಿಜ. ಆದರೆ ಅದು ಬಂದದ್ದು ಫಿಲ್ಟರ್ ತೆಗೆದದ್ದರಿಂದ ಅಲ್ಲ. ಗಾಳಿ ತೆಗೆದುಕೊಳ್ಳುವ ಜಾಗ ಬದಲಾದದ್ದರಿಂದ.

ಮೊದಲು ನಿಮ್ಮ ಸಣ್ಣ ಫಿಲ್ಟರ್ ಬಾನೆಟ್ ಒಳಗೆ, ಕಾರ್ಬುರೇಟರ್ ತಲೆಯ ಮೇಲೇ ಕೂತಿತ್ತು. ರೇಡಿಯೇಟರ್ ದಾಟಿ ಬಂದ ಬಿಸಿ ಗಾಳಿ, ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಕಾವು, ಎರಡೂ ಅಲ್ಲೇ. ಘಟ್ಟ ಹತ್ತುವಾಗ ಬಾನೆಟ್ ಒಳಗಿನ ಗಾಳಿ ಹೊರಗಿನದ್ದಕ್ಕಿಂತ 30 ಡಿಗ್ರಿ ಜಾಸ್ತಿ ಬಿಸಿಯಿದ್ದರೂ ಆಶ್ಚರ್ಯವಿಲ್ಲ. ಗಾಳಿ 3 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಸುಮಾರು ಶೇ. 1ರಷ್ಟು ಇಳಿಯುತ್ತದೆ. 30 ಡಿಗ್ರಿಗೆ ಲೆಕ್ಕ ಹಾಕಿ, ಶೇ. 9-10 ಆಯಿತು. ಬಿಸಿ ಗಾಳಿ ಕುಡಿದ ಎಂಜಿನ್‌ಗೆ ಅಷ್ಟು ಆಕ್ಸಿಜನ್ ಕಡಿಮೆ. ತುತ್ತೂರಿಯ ಬಾಯಿ ಬಾನೆಟ್‌ನಿಂದ ಹೊರಗೆ ಬಂತು, ಶಿರಸಿ ಕಾಡಿನ ತಂಪು ಗಾಳಿ ಸಿಕ್ಕಿತು. ನಿಮ್ಮ ಕಾಲಿಗೆ ಗೊತ್ತಾದದ್ದು ಅದೇ. ಮೊದಲಿದ್ದ ಫಿಲ್ಟರ್ ಈ 2.2 ಲೀಟರ್ ಎಂಜಿನ್‌ಗೆ ಚಿಕ್ಕದಿತ್ತು, ಬಹುಶಃ ಹಳೆಯದಾಗಿ ಕಟ್ಟಿಕೊಂಡಿತ್ತು ಅಂತಲೂ ನನ್ನ ಅಂದಾಜು. ಅದು ಬಿಟ್ಟರೆ ಉಳಿದದ್ದು ಶಬ್ದ. ತೆರೆದ ತುತ್ತೂರಿಯ ಆ ಗೊರಗೊರ ನನಗೂ ತುಂಬಾ ಇಷ್ಟ. ಆದರೆ ಶಬ್ದ ಜಾಸ್ತಿಯಾದರೆ ಬಲವೂ ಜಾಸ್ತಿಯಾಯಿತು ಅಂತ ಕಿವಿ ಹೇಳುತ್ತದೆ. ಅದನ್ನು ಅಳೆದೇ ನೋಡಬೇಕು.

ಅಳೆಯುವುದು ಸುಲಭ. ಮನೆ ಕಟ್ಟುವ ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ನೀರಿನ ಪೈಪ್ ಇದೆಯಲ್ಲ, ಅದರ ಎರಡು ಮೀಟರ್ ತುಂಡು ತೆಗೆದುಕೊಳ್ಳಿ. ಹಲಗೆಯೊಂದಕ್ಕೆ ‘ಯು’ ಆಕಾರದಲ್ಲಿ ಕಟ್ಟಿ ಅರ್ಧ ನೀರು ತುಂಬಿ. ಒಂದು ತುದಿಯನ್ನು ಫಿಲ್ಟರ್‌ಗೂ ಕಾರ್ಬುರೇಟರ್‌ಗೂ ನಡುವೆ ಸಣ್ಣ ತೂತು ಮಾಡಿ ಜೋಡಿಸಿ. ಇನ್ನೊಂದು ತುದಿ ಸೀಟಿನ ಪಕ್ಕ ತೆರೆದಿರಲಿ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ಫುಲ್ ಆಕ್ಸಿಲರೇಟರ್‌ನಲ್ಲಿ ಏರು ಹತ್ತಿ. ನೀರು ಒಂದು ಕಡೆ ಏರಿ ಇನ್ನೊಂದು ಕಡೆ ಇಳಿಯುತ್ತದೆ. ಎರಡರ ನಡುವಿನ ವ್ಯತ್ಯಾಸವೇ ಫಿಲ್ಟರ್ ಎಂಜಿನ್‌ನಿಂದ ಕಿತ್ತುಕೊಳ್ಳುವ ಒತ್ತಡ. ನಾನು ಇದೇ ಎಂಜಿನ್‌ಗೆ ಒಳ್ಳೆ ಅಳತೆಯ ಹೊಸ ಪೇಪರ್ ಫಿಲ್ಟರ್ ಹಾಕಿ ನೋಡಿದಾಗ 8 ಸೆಂ.ಮೀ. ಬಂತು. ಈಗ ಲೆಕ್ಕ ನೋಡಿ. ನಮ್ಮ ಮೇಲಿರುವ ವಾತಾವರಣದ ಒತ್ತಡ ಅಂದರೆ 10.3 ಮೀಟರ್ ಎತ್ತರದ ನೀರಿನ ತೂಕ. ಅದರಲ್ಲಿ 8 ಸೆಂ.ಮೀ. ಅಂದರೆ ಶೇ. 1ಕ್ಕಿಂತ ಕಡಿಮೆ. ನಿಮ್ಮ ಎಂಜಿನ್ ಹೊಸದಿದ್ದಾಗ ಕೊಡುತ್ತಿದ್ದದ್ದು 70 ಚಿಲ್ಲರೆ ಎಚ್‌ಪಿ. ಅದರಲ್ಲಿ ಅರ್ಧ, ಹೆಚ್ಚೆಂದರೆ ಮುಕ್ಕಾಲು ಎಚ್‌ಪಿ ಹೋಗುತ್ತದೆ. ಹಿಂದಿನ ಸೀಟಿನಲ್ಲಿ ಒಂದು ಅಡಿಕೆ ಮೂಟೆ ಇದ್ದರೆ ಇದಕ್ಕಿಂತ ಜಾಸ್ತಿ ಗೊತ್ತಾಗುತ್ತದೆ.

ಇನ್ನು ಫಿಲ್ಟರ್ ಇಲ್ಲದಿದ್ದರೆ ಏನು ಹೋಗುತ್ತದೆ ಅನ್ನುವುದು.

ಒಂದು ಲೀಟರ್ ಪೆಟ್ರೋಲ್ ಉರಿಯಲು ಸುಮಾರು 9 ಸಾವಿರ ಲೀಟರ್ ಗಾಳಿ ಬೇಕು. ಶಿರಸಿಯಿಂದ ಕಾರವಾರಕ್ಕೆ ಹೋಗಿ ಬರಲು ನಿಮ್ಮ ಜೀಪ್ 30 ಲೀಟರ್ ಕುಡಿಯಿತು ಅಂದುಕೊಳ್ಳಿ. 2 ಲಕ್ಷ 70 ಸಾವಿರ ಲೀಟರ್ ಗಾಳಿ ಆಯಿತು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಗಳಾದರೆ ಒಂಬತ್ತರಿಂದ ಹತ್ತು ಕೋಣೆ ತುಂಬುವಷ್ಟು. ಅಷ್ಟೂ ಗಾಳಿ ನಾಲ್ಕು ಸಿಲಿಂಡರ್‌ಗಳ ಒಳಗೆ ಹಾದುಹೋಗುತ್ತದೆ. ಅದೂ ಮನೆಯೊಳಗಿನ ಗಾಳಿಯಲ್ಲ, ಮುಂದೆ ಹೋಗುತ್ತಿರುವ ಚಿರೆಕಲ್ಲಿನ (ಕೆಂಪು ಕಲ್ಲು, ಲ್ಯಾಟರೈಟ್) ಲಾರಿಯ ಚಕ್ರ ಎಬ್ಬಿಸಿದ ಗಾಳಿ.

ನಮ್ಮ ಕಡೆಯ ಕೆಂಪು ಧೂಳು ನೋಡಲು ಹಿಟ್ಟಿನ ಹಾಗೆ ಮೆತ್ತಗೆ. ಮುಟ್ಟಿದರೆ ಇದು ಕಬ್ಬಿಣವನ್ನು ಸವೆಸುತ್ತದೆ ಅಂತ ಯಾರೂ ನಂಬುವುದಿಲ್ಲ. ಆದರೆ ಚಿರೆಕಲ್ಲಿನ ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡ್ ಇದೆ, ಜೊತೆಗೆ ಬೆಣಚುಕಲ್ಲಿನ ಪುಡಿ ಇದೆ. ಕರಾವಳಿಗೆ ಇಳಿದರೆ ಹೊಯಿಗೆ ಅಂದರೆ ಮರಳು, ಅದು ಬಹುಪಾಲು ಬೆಣಚೇ. ಗಡಸುತನ ಅಳೆಯುವ ಮೋಹ್ಸ್ ಪಟ್ಟಿಯಲ್ಲಿ ಬೆಣಚು 7ರಲ್ಲಿದೆ. ಸಿಲಿಂಡರ್‌ನ ಎರಕದ ಕಬ್ಬಿಣಕ್ಕಿಂತ ಗಡಸು. ಕೈಯಲ್ಲಿ ಕಾಳಿನ ಹಾಗೆ ಸಿಗುವ ದಪ್ಪ ಮರಳು ಅಷ್ಟು ದೊಡ್ಡ ಶತ್ರುವಲ್ಲ, ಅದು ಬೇಗ ಕೆಳಗೆ ಬೀಳುತ್ತದೆ. ಕೆಟ್ಟದ್ದು 5ರಿಂದ 20 ಮೈಕ್ರಾನ್ ಗಾತ್ರದ್ದು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಅದಕ್ಕಿಂತ ಎಷ್ಟೋ ಸಣ್ಣದಾದ ಈ ಕಣ ಪಿಸ್ಟನ್ ಸುತ್ತಲಿನ ರಿಂಗ್‌ಗೂ ಸಿಲಿಂಡರ್ ಗೋಡೆಗೂ ನಡುವಿನ ಆಯಿಲ್ ಪದರಕ್ಕೆ ಸರಿಯಾಗಿ ಹೋಗಿ ಕೂರುತ್ತದೆ. ಆಮೇಲೆ ಪಿಸ್ಟನ್ ನಿಮಿಷಕ್ಕೆ ಸಾವಿರಾರು ಸಲ ಮೇಲೆ ಕೆಳಗೆ ಆಡುತ್ತಾ ಅದನ್ನು ಅರೆಯುತ್ತದೆ. ವಾಲ್ವ್ ಕೂರಿಸಲು ಗ್ರೈಂಡಿಂಗ್ ಪೇಸ್ಟ್ ಹಚ್ಚುತ್ತೇವಲ್ಲ, ಆಯಿಲ್ ಜೊತೆ ಸೇರಿದ ಈ ಧೂಳು ಅದೇ ಕೆಲಸ ಮಾಡುತ್ತದೆ.

ಒಂದು ಜೀಪ್ ನನ್ನ ಬಳಿ ಬಂದಿತ್ತು. ನಿಮ್ಮದೇ ಎಂಜಿನ್. ಚಿರೆಕಲ್ಲು ಕ್ವಾರಿಗೆ ಕೆಲಸದವರನ್ನು ಕರೆದೊಯ್ಯುತ್ತಿದ್ದ ಗಾಡಿ. ಫಿಲ್ಟರ್‌ನ ಪಟ್ಟಿ ತುಂಡಾಗಿ ಬಿದ್ದುಹೋಗಿತ್ತು, ‘ಆಮೇಲೆ ಹಾಕುವ’ ಅಂತ ಮೂರು ತಿಂಗಳು ಹಾಗೇ ಓಡಿಸಿದ್ದರು. ರಿಬೋರ್ ಆಗಿ ಒಂದು ವರ್ಷವೂ ಆಗಿರಲಿಲ್ಲ. ಕಾರ್ಬುರೇಟರ್ ಬಿಚ್ಚಿ ಒಳಗೆ ಬೆರಳು ಹಾಕಿ ಒರೆಸಿದೆ. ಬೆರಳಿಗೆ ಕೆಂಪು ಲೇಪ ಬಂತು. ನಮ್ಮ ಕಡೆ ಹಳೇ ದೇವಸ್ಥಾನಗಳ ಗೋಡೆಯ ಮೇಲೆ ಕಾವಿ ಚಿತ್ತಾರ ಇರುತ್ತದಲ್ಲ, ಸರಿಯಾಗಿ ಆ ಬಣ್ಣ. ಹೆಡ್ ತೆಗೆದೆ. ಸಿಲಿಂಡರ್‌ನ ಮೇಲ್ತುದಿಯಲ್ಲಿ, ರಿಂಗ್ ಓಡಾಟ ನಿಲ್ಲುವ ಕಡೆ, ಉಗುರು ಸಿಕ್ಕಿಕೊಳ್ಳುವಷ್ಟು ಮೆಟ್ಟಿಲು ಬಿದ್ದಿತ್ತು. ಗೋಡೆಯ ಮೇಲೆ ಉದ್ದುದ್ದ ಗೀರು. ಮೇಲಿನ ರಿಂಗನ್ನು ತೆಗೆದು ಬೋರ್‌ನಲ್ಲಿ, ಅಂದರೆ ಸಿಲಿಂಡರ್ ಒಳಗೆ, ಕೂರಿಸಿ ಸಂದಿ ಅಳೆಯುವ ತೆಳು ಬ್ಲೇಡ್‌ಗಳ ಫೀಲರ್ ಗೇಜ್ ಹಾಕಿದೆ. ಇಷ್ಟು ಬೋರ್‌ಗೆ 0.3 ಮಿ.ಮೀ. ಆಸುಪಾಸಿನಲ್ಲಿರಬೇಕಾದ, ರಿಂಗ್‌ನ ಎರಡು ತುದಿಗಳ ನಡುವಿನ ಗ್ಯಾಪ್‌ಗೆ ಒಂದು ಬ್ಲೇಡ್ ಸಾಲಲಿಲ್ಲ. ಎರಡು ಸೇರಿಸಿದೆ, ಮೂರು ಸೇರಿಸಿದೆ. 1.6 ಮಿ.ಮೀ.ಗೆ ನಿಂತಿತು. ಕೆಳಗಿನ ರಿಂಗ್‌ಗಳು ಅಷ್ಟು ಸವೆದಿರಲಿಲ್ಲ. ಸವೆತ ಮೇಲಿನಿಂದ ಕೆಳಗೆ ಬಂದಿದೆ ಅಂದರೆ ಧೂಳು ಗಾಳಿಯ ಜೊತೆ ಬಂದಿದೆ ಅಂತ ಅರ್ಥ. ಆಯಿಲ್ ಕೆಟ್ಟು ಸವೆದಿದ್ದರೆ ಕೆಳಗಿನ ರಿಂಗ್, ಬೇರಿಂಗ್ ಮೊದಲು ಹೋಗಬೇಕಿತ್ತು. ಹೊಸದಾಗಿ ಬೋರ್ ಮಾಡಿದ ಎಂಜಿನ್ ಹೀಗೆ ವಾಪಸ್ ಬಂದಾಗ ನನಗೆ ಆಗುವ ಬೇಸರ ಹೇಳತೀರದು. ಆ ಗಾಡಿಯ ಯಜಮಾನರು ರಿಪೇರಿಗೆ ಕೊಟ್ಟ ಹಣದಲ್ಲಿ ಜೀವಮಾನಕ್ಕಾಗುವಷ್ಟು ಫಿಲ್ಟರ್ ಬರುತ್ತಿತ್ತು.

ಇನ್ನೂ ಒಂದು ವಿಷಯ ಗಮನಿಸಿ. ಈ ಹಳೇ ಎಂಜಿನ್‌ನಲ್ಲಿ ಆಯಿಲ್ ಫಿಲ್ಟರ್ ಬೈಪಾಸ್ ಪದ್ಧತಿಯದು. ಆಯಿಲ್‌ನ ಒಂದು ಪಾಲು ಮಾತ್ರ ಅದರ ಮೂಲಕ ಹೋಗುತ್ತದೆ, ಉಳಿದದ್ದು ನೇರವಾಗಿ ಬೇರಿಂಗ್‌ಗೆ. ಈಗಿನ ಕಾರುಗಳ ಹಾಗೆ ಪ್ರತಿ ಹನಿಯೂ ಸೋಸಿ ಬರುವುದಿಲ್ಲ. ಒಳಗೆ ಬಂದ ಧೂಳು ಬೇಗ ಹೊರಗೆ ಹೋಗುವುದಿಲ್ಲ.

ನಿಮ್ಮ ಗೆಳೆಯ ಹೇಳಿದ್ದು ಸುಳ್ಳಲ್ಲ. ಔಟ್‌ಬೋರ್ಡ್ ಮಷಿನ್‌ಗಳಿಗೆ ಸಾಮಾನ್ಯವಾಗಿ ಏರ್ ಫಿಲ್ಟರ್ ಇರುವುದಿಲ್ಲ. ಶಬ್ದ ಕಡಿಮೆ ಮಾಡುವ ಡಬ್ಬಿ ಇರುತ್ತದೆ, ಅಷ್ಟೇ. ಯಾಕೆಂದರೆ ಸಮುದ್ರದ ಮೇಲೆ ಧೂಳಿಲ್ಲ. ಕಾರವಾರದ ದಡ ಬಿಟ್ಟು ಸ್ವಲ್ಪ ದೂರ ಹೋಗಿ ದೋಣಿಯ ಹಲಗೆ ಒರೆಸಿ ನೋಡಲು ಹೇಳಿ, ಕೈಗೆ ಉಪ್ಪು ಸಿಗುತ್ತದೆ, ಮಣ್ಣು ಸಿಗುವುದಿಲ್ಲ. ಅದೇ ಮಷಿನ್ ತಂದು ಅಂಕೋಲಾ–ಯಲ್ಲಾಪುರ ರಸ್ತೆಯ ಪಕ್ಕ ಪಂಪ್‌ಗೆ ಕಟ್ಟಿ ಓಡಿಸಿದರೆ ಆಗ ಗೊತ್ತಾಗುತ್ತದೆ.

ಹಾಟ್ ರಾಡ್ ಚಿತ್ರಗಳ ವಿಷಯವೂ ಹೀಗೇ. ಆ ಗಾಡಿಗಳು ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಒಣಗಿದ ಕೆರೆಯಂಗಳಗಳಲ್ಲಿ. 1932ರಲ್ಲಿ ಫೋರ್ಡ್ ಕಂಪನಿ ಸಾಮಾನ್ಯ ಜನರ ಕೈಗೆಟುಕುವ ಬೆಲೆಗೆ ವಿ-8 ಎಂಜಿನ್ ಕಾರು ತಂದಿತು. ಹುಡುಗರು ಹಳೇ ಕಾರಿನ ಮಡ್‌ಗಾರ್ಡ್, ಬಾನೆಟ್ ಎಲ್ಲ ಕಿತ್ತು ಮ್ಯೂರಾಕ್ ಎಂಬ ಕೆರೆಯಂಗಳದಲ್ಲಿ ವೇಗ ಅಳೆಯುತ್ತಿದ್ದರು. 1937ರಲ್ಲಿ ಈ ಓಟ ನಡೆಸಲು ಕ್ಲಬ್‌ಗಳ ಸಂಘವೇ ಆಯಿತು. 1949ರಿಂದ ಬಾನ್‌ವಿಲ್‌ನ ಉಪ್ಪಿನ ಬಯಲಿನಲ್ಲಿ ಸ್ಪೀಡ್ ವೀಕ್ ಶುರುವಾಯಿತು. ಆ ಚಿತ್ರಗಳಲ್ಲಿ ಸಾಲಾಗಿ ನಿಂತ ತುತ್ತೂರಿಗಳು ಕಾಣುತ್ತವೆ, ನಿಜ. ಆದರೆ ಅವರ ಒಂದು ಓಟ ಕೆಲವು ಮೈಲಿ. ಡ್ರ್ಯಾಗ್ ರೇಸ್ ಆದರೆ ಹೆಚ್ಚೆಂದರೆ ಕಾಲು ಮೈಲಿ, ಕೆಲವೇ ಸೆಕೆಂಡ್. ಅತಿವೇಗದ ದರ್ಜೆಯಲ್ಲಂತೂ ಪ್ರತಿ ಓಟ ಮುಗಿದ ಕೂಡಲೇ ಎಂಜಿನ್ ಬಿಚ್ಚಿ ರಿಂಗ್, ಬೇರಿಂಗ್ ನೋಡುತ್ತಾರೆ. ನೀವು ಹಾಲು ತರಲು, ತೋಟಕ್ಕೆ ಗೊಬ್ಬರ ಒಯ್ಯಲು, ಕಾರವಾರಕ್ಕೆ ಹೋಗಲು ಓಡಿಸುವ ಗಾಡಿಗೆ ಆ ಲೆಕ್ಕ ಹೊಂದುವುದಿಲ್ಲ ಅಲ್ವಾ? ಇದೇ ಜೀಪಿನ ಮೂಲ ವಿನ್ಯಾಸ ಮಾಡಿದ ವಿಲ್ಲಿಸ್ ಕಂಪನಿ, ಯುದ್ಧದ ಕಾಲದ ಜೀಪಿಗೇ ಆಯಿಲ್ ಬಾತ್ ಫಿಲ್ಟರ್ (ಧೂಳನ್ನು ಆಯಿಲ್‌ನಲ್ಲಿ ಹಿಡಿಯುವಂಥದ್ದು) ಕೊಟ್ಟಿತ್ತು.

ಜಾಲರಿ ಸಾಕಾ ಅಂದಿರಿ. ಸಾಲದು. ಸೊಳ್ಳೆ ಜಾಲರಿಯ ಕಣ್ಣು ಒಂದು ಮಿ.ಮೀ.ಗಿಂತ ಜಾಸ್ತಿ. 10 ಮೈಕ್ರಾನ್‌ನ ಧೂಳಿನ ಕಣಗಳು ನೂರು ಪಕ್ಕಪಕ್ಕದಲ್ಲಿ ಕೈ ಹಿಡಿದು ಆ ಒಂದು ಕಣ್ಣಿನಲ್ಲಿ ದಾಟಬಹುದು. ಜಾಲರಿ ಜಲ್ಲಿ ಕಲ್ಲು, ಎಲೆ, ಜೇನುಹುಳ ತಡೆಯುತ್ತದೆ. ಧೂಳು ತಡೆಯುವುದಿಲ್ಲ.

ಮಳೆಗಾಲಕ್ಕೆ ಬರೋಣ. ಧೂಳು ಕಡಿಮೆ, ಒಪ್ಪಿದೆ. ಆದರೆ ನಿಮ್ಮ ತುತ್ತೂರಿಯ ಬಾಯಿ ಆಕಾಶ ನೋಡುತ್ತಿದೆ, ನಿಮ್ಮ ಊರು ಶಿರಸಿ. ಓಡುವಾಗ ನಾಲ್ಕು ಹನಿ ಒಳಗೆ ಹೋದರೆ ಆವಿಯಾಗಿ ಹೋಗುತ್ತದೆ. ಭಯ ಇರುವುದು ನಿಲ್ಲಿಸಿದಾಗ. ರಾತ್ರಿಯಿಡೀ ಹೊರಗೆ ನಿಂತ ಗಾಡಿಯಲ್ಲಿ ಮಳೆನೀರು ಕಾರ್ಬುರೇಟರ್ ದಾಟಿ ಇಳಿಯುತ್ತದೆ. ಯಾವುದಾದರೂ ಒಂದು ಸಿಲಿಂಡರ್‌ನ ಇನ್‌ಟೇಕ್ ವಾಲ್ವ್ ತೆರೆದೇ ನಿಂತಿರುತ್ತದೆ, ನೀರು ಅಲ್ಲಿಗೆ ಸೇರುತ್ತದೆ. ಬೆಳಿಗ್ಗೆ ಸೆಲ್ಫ್ ಹೊಡೆದಾಗ ಪಿಸ್ಟನ್ ಮೇಲೆ ಬರುತ್ತದೆ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲು ಆಗುವುದಿಲ್ಲ. ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದನ್ನು ಯಾವ ಫಿಲ್ಟರೂ ಪೂರ್ತಿ ತಡೆಯುವುದಿಲ್ಲ, ಮೇಲೆ ಟೊಪ್ಪಿ ಬೇಕೇ ಬೇಕು. ಕಾರವಾರದಲ್ಲಿ ಕಡಲ ಬದಿ ನಿಲ್ಲಿಸಿದರೆ ಉಪ್ಪುಗಾಳಿ ಅದೇ ದಾರಿಯಲ್ಲಿ ಹೋಗಿ ಬೋರ್‌ಗೆ ತುಕ್ಕು ಹಿಡಿಸುತ್ತದೆ. ಬೇಸಿಗೆಯಲ್ಲಿ ಇನ್ನೊಂದು ಕಾಟ, ಕುಂಬಾರ ಹುಳು. ಎರಡು ವಾರ ನಿಂತ ಗಾಡಿಯ ತೆರೆದ ಪೈಪಿನೊಳಗೆ ಅದು ಮಣ್ಣಿನ ಗೂಡು ಕಟ್ಟಿದ್ದನ್ನು ನಾನು ಕಡ್ಡಿ ಹಾಕಿ ಕೆರೆದು ತೆಗೆದಿದ್ದೇನೆ.

ಬೆಂಕಿಯ ವಿಷಯವೂ ಇದೆ. ಕಿಡಿ ಹಾರುವ ಟೈಮಿಂಗ್ ತಪ್ಪಿದಾಗ, ಮಿಕ್ಸರ್ ತೆಳುವಾದಾಗ (ಗಾಳಿಗೆ ಬೆರೆಯುವ ಪೆಟ್ರೋಲ್ ಕಡಿಮೆಯಾದಾಗ) ಕಾರ್ಬುರೇಟರ್ ಸೀನುತ್ತದೆ, ಬಾಯಿಯಿಂದ ಜ್ವಾಲೆ ಬರುತ್ತದೆ. ಫಿಲ್ಟರ್ ಮತ್ತು ಅದರ ಡಬ್ಬಿ ಇದ್ದರೆ ಆ ಜ್ವಾಲೆ ಬಹುಪಾಲು ಅಲ್ಲೇ ಸಾಯುತ್ತದೆ. ಅಮೆರಿಕದಲ್ಲಿ ದೋಣಿಯ ಒಳಗೆ ಕೂರಿಸುವ ಪೆಟ್ರೋಲ್ ಎಂಜಿನ್‌ನ ಕಾರ್ಬುರೇಟರ್‌ಗೆ ಜ್ವಾಲೆ ತಡೆಯುವ ಸಾಧನ ಇರಲೇಬೇಕೆಂದು ಕಾನೂನಿದೆ. ತುತ್ತೂರಿಯೊಳಗೆ ಇಣುಕುತ್ತಾ ಆಕ್ಸಿಲರೇಟರ್ ಒತ್ತಬೇಡಿ, ಗೆಳೆಯರಿಗೆ ತೋರಿಸುವಾಗಲೂ.

ಹಾಗಾದರೆ ಏನು ಮಾಡಬೇಕು? ತಂಪು ಗಾಳಿಯ ಲಾಭ ಉಳಿಸಿಕೊಂಡು ಧೂಳು ತಡೆಯಬೇಕು. ತುತ್ತೂರಿ ಇರಲಿ. ಅದರ ಅಗಲವಾದ ಬಾಯಿ ಗಾಳಿಯನ್ನು ನಯವಾಗಿ ಒಳಗೆ ಕರೆದುಕೊಳ್ಳುತ್ತದೆ, ಅದು ಒಳ್ಳೆಯದೇ. ಅದರ ಸುತ್ತ, ಬಾನೆಟ್ ಮೇಲ್ಗಡೆ, ಒಂದು ದುಂಡನೆಯ ಫಿಲ್ಟರ್ ಡಬ್ಬಿ ಕೂರಿಸಿ. ಎರಡು ಲೀಟರ್‌ಗಿಂತ ದೊಡ್ಡ ಕಾರ್ಬುರೇಟರ್ ಎಂಜಿನ್‌ಗೆ ಬರುವ ದುಂಡು ಪೇಪರ್ ಫಿಲ್ಟರ್ ಸಾಕು, ಅಳತೆ ಸ್ವಲ್ಪ ದೊಡ್ಡದಾದರೆ ಇನ್ನೂ ಒಳ್ಳೆಯದು. ತುತ್ತೂರಿಯ ಬಾಯಿಗೂ ಡಬ್ಬಿಯ ಮುಚ್ಚಳಕ್ಕೂ ನಡುವೆ ಕಾರ್ಬುರೇಟರ್ ಬಾಯಿಯ ಅಗಲದಷ್ಟಾದರೂ ಜಾಗ ಬಿಡಿ. ಜಾಗ ಕಡಿಮೆಯಾದರೆ ಗಾಳಿ ಉಸಿರುಗಟ್ಟುತ್ತದೆ, ಜನ ಫಿಲ್ಟರ್‌ಗೆ ಬೈಯುತ್ತಾರೆ. ಮುಚ್ಚಳ ಮಳೆ ಟೊಪ್ಪಿಯ ಹಾಗೆ ಸುತ್ತಲೂ ಇಳಿದಿರಲಿ. ಕ್ರೋಮ್ ಹೊಡೆಸಿದರೆ ನೋಡಲೂ ಚೆಂದ. ಹಾಟ್ ರಾಡ್‌ಗಳಲ್ಲೂ ರಸ್ತೆಯಲ್ಲಿ ಓಡುವವು ಇಂಥದ್ದೇ ದುಂಡು ಡಬ್ಬಿ ಹಾಕಿಕೊಂಡಿರುತ್ತವೆ. ಡಬ್ಬಿಯ ತಳಕ್ಕೂ ಕಾರ್ಬುರೇಟರ್‌ಗೂ ನಡುವೆ ರಬ್ಬರ್ ಗ್ಯಾಸ್ಕೆಟ್ ಮರೆಯಬೇಡಿ. ಎಷ್ಟೋ ಕಡೆ ಫಿಲ್ಟರ್ ಹೊಸದಿರುತ್ತದೆ, ಧೂಳು ಆ ಸಂದಿಯಿಂದ ಹೋಗಿರುತ್ತದೆ. ಮುಚ್ಚಳದ ವಿಂಗ್ ನಟ್ ತೆಗೆಯುವಾಗ ಕಾರ್ಬುರೇಟರ್ ಬಾಯಿಗೆ ಬಟ್ಟೆ ಮುಚ್ಚಿ. ಒಂದು ವಾಷರ್ ಒಳಗೆ ಬಿದ್ದರೆ ಹೆಡ್ ಬಿಚ್ಚಬೇಕಾಗುತ್ತದೆ.

ಪೇಪರೋ, ಆಯಿಲ್ ಬಾತೋ ಅಂತ ಕೇಳಿದರೆ ನನ್ನ ಓಟು ಪೇಪರ್‌ಗೆ. ಒಳ್ಳೆಯ ಪೇಪರ್ ಫಿಲ್ಟರ್ ಪರೀಕ್ಷಾ ಧೂಳಿನಲ್ಲಿ ಶೇ. 99ಕ್ಕಿಂತ ಜಾಸ್ತಿ ತಡೆಯುತ್ತದೆ. ಆಯಿಲ್ ಬಾತ್ ಸುಮಾರು ಶೇ. 95, ಅದೂ ಎಂಜಿನ್ ವೇಗವಾಗಿ ಎಳೆಯುವಾಗ. ನಿಧಾನದಲ್ಲಿ ಇನ್ನೂ ಕಡಿಮೆ. ಮೂಲ ಆಯಿಲ್ ಬಾತ್ ಡಬ್ಬಿ ಮನೆಯ ಅಟ್ಟದಲ್ಲಿ ಇದ್ದರೆ ಅದನ್ನೂ ಬಳಸಬಹುದು. ಗುರುತಿನವರೆಗೆ ಮಾತ್ರ ಆಯಿಲ್ ಹಾಕಿ, ಜಾಸ್ತಿಯಾದರೆ ಎಂಜಿನ್ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಆಗಾಗ ತೆರೆದು ನೋಡಿ, ಆಯಿಲ್ ಮಜ್ಜಿಗೆಯ ಹಾಗೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಚೆಲ್ಲಿ ಹೊಸದು ಹಾಕಿ. ಪೇಪರ್ ಒದ್ದೆಯಾದರೆ ಒಣಗಿಸಿ ಹಾಕುವುದು ಬೇಡ, ಬದಲಿಸಿ. ಪೇಪರ್ ಫಿಲ್ಟರ್‌ಗೆ ಕಂಪ್ರೆಸರ್ ಗಾಳಿ ಹೊಡೆದು ಹೊಡೆದು ಹತ್ತು ಸಲ ಬಳಸುವವರಿದ್ದಾರೆ. ಕಣ್ಣಿಗೆ ಕಾಣದ ಸಣ್ಣ ಹರುಕು ಬಿದ್ದರೆ ಅಷ್ಟೇ, ಅದು ಇದ್ದೂ ಇಲ್ಲದ ಹಾಗೆ.

ಫಿಲ್ಟರ್ ಹಾಕಿದ ಮೇಲೆ ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು) ಮತ್ತು ಮಿಕ್ಸರ್ ಸ್ಕ್ರೂ ಒಮ್ಮೆ ನೋಡಿ. ಹಳೇ ಕಟ್ಟಿಕೊಂಡ ಫಿಲ್ಟರ್‌ಗೆ ಹೊಂದಿಸಿದ್ದ ಕಾರ್ಬುರೇಟರ್ ಈಗ ತೆಳುವಾಗಿ ಓಡುತ್ತಿರಬಹುದು. ಒಂದು ಘಟ್ಟ ಹತ್ತಿ ನಿಲ್ಲಿಸಿ ಪ್ಲಗ್ ಬಿಚ್ಚಿ. ತುದಿ ತಿಳಿ ಕಂದು ಇದ್ದರೆ ಸರಿ. ಬೆಳ್ಳಗೆ ಸುಟ್ಟ ಹಾಗಿದ್ದರೆ ಹಾಗೇ ಓಡಿಸಬೇಡಿ, ಎಕ್ಸಾಸ್ಟ್ ವಾಲ್ವ್ ಸುಡುತ್ತದೆ.

ಈಗಾಗಲೇ ಓಡಿಸಿದ 800 ಕಿ.ಮೀ. ಬಗ್ಗೆ ಗಾಬರಿ ಬೇಡ. ಡಾಂಬರು ರಸ್ತೆಯಲ್ಲೇ ಓಡಿದ್ದರೆ ದೊಡ್ಡ ಹಾನಿ ಆಗಿರಲಿಕ್ಕಿಲ್ಲ. ಮೊದಲು ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸಿ, 500 ಕಿ.ಮೀ. ಓಡಿಸಿ ಇನ್ನೊಮ್ಮೆ ಬದಲಿಸಿ. ಕಾರ್ಬುರೇಟರ್ ಕೆಳಗೆ ಬಿಳಿ ಬಟ್ಟೆಯಲ್ಲಿ ಒರೆಸಿ ಕೆಂಪು ಬರುತ್ತದಾ ನೋಡಿ. ಎಂಜಿನ್ ಬಿಸಿ ಇರುವಾಗ, ಆಕ್ಸಿಲರೇಟರ್ ಪೂರ್ತಿ ತೆರೆದು, ನಾಲ್ಕೂ ಸಿಲಿಂಡರ್‌ನ ಕಂಪ್ರೆಷನ್ ಅಳೆದು ಬರೆದಿಡಿ. ಒಂದಕ್ಕೂ ಇನ್ನೊಂದಕ್ಕೂ 10 ಪಿಎಸ್‌ಐ ಒಳಗೇ ವ್ಯತ್ಯಾಸವಿದ್ದು, ಎಂಜಿನ್ ಉಸಿರು ಬಿಡುವ ಬ್ರೀದರ್ ಪೈಪ್‌ನಿಂದ ಹೊಗೆ ಉಗುಳದಿದ್ದರೆ ನಿಮ್ಮ ರಿಬೋರ್ ಇನ್ನೂ ಗಟ್ಟಿಯಾಗಿದೆ.

ಬಾನೆಟ್ ಕೊರೆದದ್ದು, ಇನ್ನೇನಾದರೂ ಬದಲಿಸಿದ್ದು ಮೋಟಾರು ವಾಹನ ಕಾಯ್ದೆಯಲ್ಲಿ ಗಾಡಿಯ ಮಾರ್ಪಾಡಿನ ಬಗ್ಗೆ ಇರುವ 52ನೇ ಕಲಮಿನ ಕೆಳಗೆ ಬರುತ್ತದಾ ಅಂತ ಕಾರವಾರಕ್ಕೆ ಹೊರಡುವ ಮೊದಲೇ ಆರ್‌ಟಿಓ ಕಚೇರಿಯಲ್ಲಿ ಕೇಳಿಕೊಳ್ಳಿ.

ದಾರಿಯಲ್ಲಿ ಕುಮಟಾ ಸಿಗುತ್ತದೆ. ಡಬ್ಬಿಯ ತಳಕ್ಕೆ ಬಣ್ಣ ಹೊಡೆಸುವ ಮೊದಲು 6 ಮಿ.ಮೀ. ತೂತು ಕೊರೆಸಿ ಒಂದು ಸಣ್ಣ ನಿಪ್ಪಲ್ ಬೆಸೆಸಿ ತನ್ನಿ. ನೀರಿನ ಪೈಪ್ ಕಟ್ಟಿದ ಹಲಗೆ ನನ್ನ ಬಳಿ ಇದೆ. ವಾಪಸ್ ದೇವಿಮನೆ ಹತ್ತುವಾಗ ನಾನೂ ಪಕ್ಕದಲ್ಲಿ ಕೂತು ಬರುತ್ತೇನೆ, ಎಷ್ಟು ಸೆಂ.ಮೀ. ಬರುತ್ತದೆ ಅಂತ ಇಬ್ಬರೂ ನೋಡೋಣ.